ಹೊಲದ ನಡುವಿನ ಒಂಟಿ ಗೋಪುರವೂ ಕೋಟೆಯೇ

ಐರ್ಲೆಂಡಿನ ಹೊಲಗಳಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಗೋಪುರಗಳನ್ನು ಕೋಟೆ ಎನ್ನುವುದೇಕೆ, ಸುತ್ತುಗೋಡೆಯೇ ಇಲ್ಲವಲ್ಲ ಎಂದು ಕೇಳಿದ್ದೀರಿ. ಅವು ಗೋಪುರ ಮನೆಗಳು. ಸೈನ್ಯ ಇರಿಸಲು ಕಟ್ಟಿದವಲ್ಲ, ಒಬ್ಬ ಜಮೀನುದಾರನ ಕುಟುಂಬ ಭದ್ರವಾಗಿ ಬಾಳಲು ಕಟ್ಟಿಕೊಂಡವು. ಹೆಚ್ಚಿನವು 15 ಮತ್ತು 16ನೇ ಶತಮಾನದವು. 1429ರಲ್ಲಿ ಇಂಗ್ಲೆಂಡಿನ ದೊರೆ ಆರನೆಯ ಹೆನ್ರಿಯ ಆಡಳಿತ ಡಬ್ಲಿನ್ ಸುತ್ತಲಿನ ಕೌಂಟಿಗಳಲ್ಲಿ 20 ಅಡಿ ಉದ್ದ, 16 ಅಡಿ ಅಗಲ, 40 ಅಡಿ ಎತ್ತರದ ಗೋಪುರ ಕಟ್ಟುವವರಿಗೆ 10 ಪೌಂಡ್ ಸಹಾಯಧನ ಘೋಷಿಸಿತ್ತು. ಗೇಲಿಕ್ ಮನೆತನಗಳೂ, ಅಂದರೆ ಐರ್ಲೆಂಡಿನ ಮೂಲ ಮನೆತನಗಳೂ, ಇಂಥವನ್ನೇ ಕಟ್ಟಿದವು. ಬ್ಲಾರ್ನಿ ಕೋಟೆ ಕಟ್ಟಿದ್ದು ಅಂಥದ್ದೇ ಮೆಕಾರ್ಥಿ ಮನೆತನ.

ಸುತ್ತುಗೋಡೆ ಅನೇಕ ಕಡೆ ಇತ್ತು. ಅದಕ್ಕೆ ‘ಬಾನ್’ ಎನ್ನುತ್ತಾರೆ. ರಾತ್ರಿ ದನಗಳನ್ನು ಅದರೊಳಗೆ ಕೂಡಿಹಾಕುತ್ತಿದ್ದರು. ಮುಂದೆ ಎಷ್ಟೋ ಕಡೆ ಅದರ ಕಲ್ಲುಗಳು ಬೇರೆ ಕಟ್ಟಡಗಳ ಪಾಲಾದವು, ಗೋಪುರ ಮಾತ್ರ ಉಳಿಯಿತು.

ಒಳಗೆ ಹೋಗಲು ಅವಕಾಶವಿದ್ದರೆ ದಯವಿಟ್ಟು ತಲೆಯೆತ್ತಿ ನೋಡಿ. ಬಾಗಿಲ ಮೇಲ್ಭಾಗದಲ್ಲಿ ದಾಳಿಕೋರರ ಮೇಲೆ ಕಲ್ಲು ಸುರಿಯುವ ಕಿಂಡಿ ಇರಬಹುದು. ಅದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಕಮಾನು ಚಾವಣಿಯ ಗಾರೆ. ಕಟ್ಟುವಾಗ ಆಧಾರಕ್ಕಿಟ್ಟ ಹೆಣೆದ ಬೆತ್ತದಂಥ ತಟ್ಟಿಯ ಅಚ್ಚು ಅದರ ಮೇಲೆ ಇಂದಿಗೂ ಮೂಡಿದಂತಿರುತ್ತದೆ. ಐನೂರು ವರ್ಷದ ಹಿಂದಿನ ಕೂಲಿಯವರ ಕೈಗುರುತು ಅದು.

ನಿಮ್ಮ ಕಲ್ಪನೆಯ ದೊಡ್ಡ ಕೋಟೆ ನೋಡಬೇಕಾದರೆ ಬಾಯ್ನ್ ನದಿಯ ದಡದ ಟ್ರಿಮ್ ಪಟ್ಟಣಕ್ಕೆ ಹೋಗಿ. ಇಂಗ್ಲೆಂಡಿನಿಂದ ಬಂದ ನಾರ್ಮನ್ ಸರದಾರ ಹ್ಯೂ ಡ ಲೇಸಿ 1170ರ ದಶಕದಲ್ಲಿ ಆರಂಭಿಸಿದ ಅಲ್ಲಿನ ಕೋಟೆಯ ನಡುಗೋಪುರಕ್ಕೆ 20 ಮೂಲೆಗಳಿವೆ.