‘ಟೂ ಬುಕ್’ ಎಂದೇ ಬರೆಯುವ ಮಕ್ಕಳಿಗೆ

ನಿಮ್ಮ ಐದನೇ ತರಗತಿಯ ಮಕ್ಕಳು ಇಂಗ್ಲಿಷ್ ಬಹುವಚನದ ನಿಯಮವನ್ನು ಸರಿಯಾಗಿ ಒಪ್ಪಿಸಿಯೂ ‘ಟೂ ಬುಕ್ಸ್’ ಬದಲು ‘ಟೂ ಬುಕ್’ ಎಂದೇ ಬರೆಯುವುದಕ್ಕೆ ಕಾರಣ ಬಹುಶಃ ಕನ್ನಡದ ರೂಢಿ. ‘ಎರಡು ಪುಸ್ತಕ ಕೊಡು’ ಎನ್ನುವಾಗ ನಮಗೆ ‘ಗಳು’ ಬೇಕೆನಿಸುವುದಿಲ್ಲ. ಆದರೆ ‘ಇಬ್ಬರು ಹುಡುಗಿ’ ಎಂದು ಯಾವ ಮಗುವೂ ಹೇಳುವುದಿಲ್ಲ. ಹಾಗಾಗಿ ‘ಟೂ ಗರ್ಲ್ಸ್’ನಿಂದ ಆರಂಭಿಸಿ, ಆಮೇಲೆ ವಸ್ತುಗಳಿಗೆ ಬನ್ನಿ.

ಮೊದಲ ಕೆಲವು ದಿನ ಬರವಣಿಗೆ ಬೇಡ. ಪೆನ್ನು ಎತ್ತಿ ಹಿಡಿದು ‘ಒನ್ ಪೆನ್, ಟೂ ಪೆನ್ಸ್’ ಎಂದು ಹೇಳಿಸಿ, ಕಿವಿ ಪಳಗಲಿ. ನಂತರ ಬಸ್, ಬಾಕ್ಸ್, ಬೆಂಚ್, ಬ್ರಶ್. ‘ಬಸ್’ಗೆ ಬರೀ ‘ಸ್’ ಸೇರಿಸಿ ಹೇಳಲು ಬಿಡಿ. ನಾಲಿಗೆ ತಡವರಿಸಿದಾಗ ‘ಬಸಿಜ್’ ಎಂಬ ಉಚ್ಚಾರಣೆ ಏಕೆ ಬಂತೆಂದು ಅವರಿಗೇ ಹೊಳೆಯುತ್ತದೆ. ‘ಇ-ಎಸ್’ ಬರೆಸುವುದು ಆಗ ಸುಲಭ.

‘ವೈ’ಯಿಂದ ಮುಗಿಯುವ ಪದಗಳು ಮೂರನೆಯ ಹಂತ. ಆ ‘ವೈ’ಯ ಹಿಂದಿನ ಅಕ್ಷರ ನೋಡಲು ಕಲಿಸಿ: ಸ್ವರವಿದ್ದರೆ (ಬಾಯ್) ಬರೀ ‘ಎಸ್’, ವ್ಯಂಜನವಿದ್ದರೆ (ಬೇಬಿ) ‘ವೈ’ ಹೋಗಿ ‘ಐ-ಇ-ಎಸ್’.

‘ಎಸ್’ ಸೇರದೆ ರೂಪವೇ ಬದಲಾಗುವ ಮೆನ್, ಚಿಲ್ಡ್ರನ್, ಫೀಟ್, ಟೀತ್ ಪಟ್ಟಿಯಾಗಿ ಬೇಡವೇ ಬೇಡ, ವಾಕ್ಯಗಳಲ್ಲೇ ಬರಲಿ. ಒಂದು, ಎರಡು ಎಂದು ಎಣಿಸದ ವಾಟರ್, ರೈಸ್ ಮುಂದಿನ ತಿಂಗಳಿಗಿರಲಿ.

ಮಾತಿನಲ್ಲಿ ಸರಿಯಿದ್ದು ಬರೆಯುವಾಗ ಮಾತ್ರ ತಪ್ಪುತ್ತಿದ್ದರೆ ತೊಡಕು ಬೇರೆ. ಆಗ ಬರೆದದ್ದನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ.