ಅಮ್ಮನ ಮರೆವಿಗೆ ತಾಯ್ ಚಿ

ಅಮ್ಮನಿಗೆ 72, ಮರೆವು ಶುರುವಾಗಿದೆ, ದಿನವೂ ನಡೆಯುತ್ತಾರೆ, ತಾಯ್ ಚಿಯೂ (ಚೀನಾದ ನಿಧಾನ ಚಲನೆಯ ವ್ಯಾಯಾಮ) ಬೇಕೇ ಎಂದು ಕೇಳಿದ್ದೀರಿ. ಸೇರಿಸಿ, ಆದರೆ ನಡಿಗೆ ಬಿಡಿಸಬೇಡಿ. ನಡೆಯುವಾಗ ಮನಸ್ಸು ಎಲ್ಲೋ ಅಲೆಯಬಹುದು. ತಾಯ್ ಚಿಯಲ್ಲಿ ಭಾರ ಎಡಗಾಲಿಗೆ ಜಾರುತ್ತಿರುವಾಗಲೇ ಕೈ ಮೇಲೇಳಬೇಕು, ಮುಂದಿನ ಭಂಗಿಯೂ ನೆನಪಿರಬೇಕು. ಅಮೆರಿಕದ ಒರೆಗಾನ್ ಸಂಶೋಧಕರ 2023ರ ಅಧ್ಯಯನದಲ್ಲಿ ಇಂಥ ಮರೆವಿನ 318 ಹಿರಿಯರಿದ್ದರು. ವಾರಕ್ಕೆ ಎರಡು ಬಾರಿ, ಒಂದೊಂದು ಗಂಟೆ, 24 ವಾರ, ಅದೂ ಮನೆಯಿಂದಲೇ ವಿಡಿಯೊ ಮೂಲಕ. ತಾಯ್ ಚಿ ಮಾಡುತ್ತಲೇ ಪದದ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿದ ಗುಂಪೇ ಹೆಚ್ಚು ಸುಧಾರಿಸಿತು. ಬರಿಯ ತಾಯ್ ಚಿಯವರದು ಎರಡನೆಯ ಸ್ಥಾನ. ನಿಮ್ಮ ಅಮ್ಮ ‘ಕನಕಾಂಬರ’ವನ್ನು ತಿರುಗಿಸಿ ಹೇಳಲಿ, ನಗುವೂ ಬರುತ್ತದೆ! ಹಿಡಿದುಕೊಳ್ಳಲು ಪಕ್ಕದಲ್ಲಿ ಗಟ್ಟಿ ಕುರ್ಚಿಯಿರಲಿ. ಅದಕ್ಕೂ ಮೊದಲು ವೈದ್ಯರಲ್ಲಿ ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮರೆವಿನ ಮೂಲ ಕೆಲವೊಮ್ಮೆ ಅಲ್ಲೇ ಇರುತ್ತದೆ.