ಬೇಸಿಗೆ ಫ್ರಾಕ್ ಹೊಲಿಯೋಕೆ ಯಾವ ಪ್ಯಾಟರ್ನ್ ತಗೊಳ್ಳಲಿ? ಮೊದಲು ಬಟ್ಟೆ ನೆನೆಸಿ

ಫ್ರೀ ಪ್ಯಾಟರ್ನ್ (ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚು) ಸಾಕಾ, ದುಡ್ಡು ಕೊಟ್ಟು ತಗೋಬೇಕಾ, ಇಲ್ಲಾ ಮೂರು ತಿಂಗಳ ಟೇಲರಿಂಗ್ ಕ್ಲಾಸಿಗೇ ಸೇರಬೇಕಾ ಅಂತ ಕೇಳಿದ್ದೀರಿ. ಬೇಸಿಗೆಗೆ ನಾಲ್ಕು ಟಾಪ್, ಎರಡು ಫ್ರಾಕ್ ಹೊಲಿಯುವಷ್ಟು ಕಾಟನ್ ಬಟ್ಟೆ ಆಗಲೇ ತಂದಿಟ್ಟಿದ್ದೀನಿ ಅಂತಲೂ ಬರೆದಿದ್ದೀರಿ. ಆ ಕೊನೆಯ ಮಾತು ಓದಿ ನನ್ನ ಎದೆ ಧಸಕ್ಕೆಂದಿತು. ಇನ್ನೂ ಕತ್ತರಿ ಹಾಕಿಲ್ಲ ತಾನೇ?

ನಾನಿರುವುದು ಬಳ್ಳಾರಿಯಲ್ಲಿ. ಮಾರ್ಚ್ ಬಂತೆಂದರೆ ರೆಡಿಮೇಡ್ ಕುರ್ತಿಗಳೆಲ್ಲ ಬೆನ್ನಿಗೆ ಅಂಟಿಕೊಳ್ಳುತ್ತವೆ. ಸಡಿಲವಾಗಿ, ಮೊಣಕಾಲಿನ ಕೆಳಗೆ ಬರುವಂಥ, ಜೇಬಿರುವ ಒಂದು ಕಾಟನ್ ಫ್ರಾಕ್ ಬೇಕು ಅಂತ ಮೂರು ವರ್ಷದ ಹಿಂದೆ ನನಗೂ ಹುಚ್ಚು ಹಿಡಿಯಿತು. ನಿಮ್ಮ ಹಾಗೇ ಎರಡು ವಾರ ಬರೀ ಪ್ಯಾಟರ್ನ್ ಹುಡುಕಿದೆ. ಯಾವುದು ಒಳ್ಳೆಯದು, ಯಾವುದರಲ್ಲಿ ಚಿತ್ರ ಜಾಸ್ತಿ ಇದೆ, ಯಾರು ಏನು ಬರೆದಿದ್ದಾರೆ. ಕೊನೆಗೆ ದುಡ್ಡು ಕೊಟ್ಟೇ ಒಂದು ಪಿಡಿಎಫ್ ತಗೊಂಡೆ. ಎ4 ಹಾಳೆಯಲ್ಲಿ 28 ಪುಟ.

ನಾನು ತುಂಬ ಹುಷಾರಿನವಳು ಅಂತ ನನ್ನ ಬಗ್ಗೆ ನನಗೇ ಒಂದು ನಂಬಿಕೆ ಇತ್ತು. ಜೆರಾಕ್ಸ್ ಅಂಗಡಿಯ ಹುಡುಗನ ಪಕ್ಕ ನಿಂತು ‘ಫಿಟ್ ಟು ಪೇಜ್’ ತೆಗೆಸಿ ‘ಆಕ್ಚುಯಲ್ ಸೈಜ್’ ಹಾಕಿಸಿದೆ. ಮೊದಲ ಪುಟದಲ್ಲಿ ಅಳತೆ ನೋಡಿಕೊಳ್ಳೋಕೆ 5 ಸೆಂಟಿಮೀಟರಿನ ಒಂದು ಚೌಕ ಇರುತ್ತದೆ. ಅದನ್ನು ಅಲ್ಲೇ ಸ್ಕೇಲ್ ಇಟ್ಟು ಅಳೆದೆ. ಸರಿಯಾಗಿ 5. ಮನೆಗೆ ಬಂದು 28 ಹಾಳೆಯನ್ನೂ ಹಾಲಿನ ನೆಲದ ಮೇಲೆ ಜೋಡಿಸಿದೆ. ಹಾಳೆ ಹಾರಬಾರದು ಅಂತ ಫ್ಯಾನ್ ಆಫ್. ಏಪ್ರಿಲ್ ಮಧ್ಯಾಹ್ನ, ಬಳ್ಳಾರಿ, ಫ್ಯಾನ್ ಇಲ್ಲ. ಮಂಡಿಯೂರಿ ಗಮ್ ಟೇಪ್ ಹಚ್ಚುತ್ತಿದ್ದರೆ ಮೂಗಿನ ತುದಿಯಿಂದ ಬೆವರು ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ನಮ್ಮ ಯಜಮಾನರು ಅಡುಗೆಮನೆಗೆ ಹೋಗೋಕೆ ಗೋಡೆ ಹಿಡಿದುಕೊಂಡು ಅಂಚಿನಲ್ಲೇ ನಡೆದರು.

ಬಟ್ಟೆ ಕೈಮಗ್ಗ ಮೇಳದಲ್ಲಿ ತಂದಿದ್ದು. ನೀಲಿ ಬಿಳಿ ಚೌಕಳಿ. ಮೀಟರಿಗೆ 220 ರೂಪಾಯಿ, ಒಂಬತ್ತು ಮೀಟರ್. ನನಗೊಂದು, ತಂಗಿಗೊಂದು, ಉಳಿದಿದ್ದರಲ್ಲಿ ಇನ್ನೊಂದು ಅನ್ನೋ ಲೆಕ್ಕ.

ಈಗ ತಪ್ಪಿಗೆ ಬರುತ್ತೇನೆ. ಪ್ಯಾಟರ್ನಿನ ಎರಡನೇ ಪುಟದಲ್ಲೇ ಇಂಗ್ಲಿಷಿನಲ್ಲಿ ಬರೆದಿತ್ತು, ಬಟ್ಟೆಯನ್ನು ಮೊದಲೇ ಒಗೆಯಿರಿ ಅಂತ. ಓದಿದೆ. ಹೊಸ ಬಟ್ಟೆ, ಕೊಳೆ ಎಲ್ಲಿದೆ ಅಂದುಕೊಂಡು ಮುಂದೆ ಹೋದೆ. ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ಫ್ರಾಕಿನ ಮೇಲ್ಭಾಗಕ್ಕೆ ಪೂರ್ತಿ ಲೈನಿಂಗ್ ಕೊಡಬೇಕಿತ್ತು. ಆ ಲೈನಿಂಗ್ ಬಟ್ಟೆಯನ್ನು ಮಾತ್ರ ನಾನು ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ನೆನೆಸಿಟ್ಟಿದ್ದೆ! ಯಾಕೆಂದರೆ ಬ್ಲೌಸ್ ಲೈನಿಂಗ್ ನೆನೆಸದೆ ಟೇಲರಿಗೆ ಕೊಡಬಾರದು ಅಂತ ಅಮ್ಮ ಹೇಳಿದ್ದು ತಲೆಯಲ್ಲಿ ಕೂತಿದೆ. ಸೀರೆಗೆ ಹಚ್ಚುವ ಫಾಲ್ ಕೂಡ ನೆನೆಸಿಯೇ ಹಚ್ಚುತ್ತೇವೆ, ಅಲ್ವಾ? ಅಷ್ಟೆಲ್ಲ ಗೊತ್ತಿದ್ದವಳಿಗೆ ಮೇಲಿನ ಬಟ್ಟೆಯೂ ಕಾಟನ್ನೇ ಅನ್ನೋದು ಹೊಳೆಯಲೇ ಇಲ್ಲ. ಪ್ಯಾಟರ್ನ್ ಅಂದರೆ ಅದೇನೋ ದೊಡ್ಡ ವಿದ್ಯೆ, ಅಮ್ಮನ ಬಕೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೆನೋ ಏನೋ.

ಫ್ರಾಕ್ ಎರಡು ಭಾನುವಾರದಲ್ಲಿ ಮುಗಿಯಿತು. ಸುಮ್ನೆ ಹೇಳುತ್ತಿಲ್ಲ, ಚೆನ್ನಾಗಿ ಬಂದಿತ್ತು. ಸೋಮವಾರ ಆಫೀಸಿಗೆ ಹಾಕಿಕೊಂಡು ಹೋದೆ. ಎಲ್ಲಿ ತಗೊಂಡ್ರಿ ಅಂತ ನಾಲ್ಕು ಜನ ಕೇಳಿದರು. ಒಬ್ಬರು ನನಗೂ ಒಂದು ಹೊಲಿದುಕೊಡಿ ಅಂತ ಅಲ್ಲೇ 800 ರೂಪಾಯಿ ಕೈಗಿಟ್ಟರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಫ್ರಾಕ್ ಒಗೆಯುವ ಬುಟ್ಟಿಯಲ್ಲಿ ಬಿದ್ದಿರುವಾಗಲೇ ಉಳಿದ ಆರು ಮೀಟರಿಗೂ ಕತ್ತರಿ ಹಾಕಿದೆ. ಒಂದು ತಂಗಿಗೆ ಶಿವಮೊಗ್ಗಕ್ಕೆ ಹೋಯಿತು, ಒಂದು ಆಫೀಸಿನವರಿಗೆ. ಆಮೇಲೆ ನನ್ನದನ್ನು ಒಗೆದು ಹಾಕಿದೆ.

ಒಣಗಿದ ಫ್ರಾಕ್ ಹಾಕಿಕೊಂಡರೆ ಸೊಂಟದ ಹೊಲಿಗೆ ಪಕ್ಕೆಲುಬಿನ ಮೇಲೆ ಕೂತಿದೆ. ಕೈ ಎತ್ತಿದರೆ ಕಂಕುಳಲ್ಲಿ ಕಚ್ಚುತ್ತದೆ. ಕತ್ತಿನ ಅಂಚಿನಿಂದ ಲೈನಿಂಗ್ ಹೊರಗೆ ಇಣುಕುತ್ತಿದೆ. ಹತ್ತಿರ ಹಿಡಿದು ನೋಡಿದೆ. ಚೌಕಳಿಯ ಚೌಕಗಳೇ ಕುಳ್ಳಗಾಗಿದ್ದವು. ಮರುದಿನ ತಂಗಿಯ ಫೋನ್. “ಅಕ್ಕಾ, ಒಂದ್ಸಲ ಒಗೆದೆ ಅಷ್ಟೇ. ಬಸ್ಸಲ್ಲಿ ಕಂಬಿ ಹಿಡ್ಕೊಳಕ್ಕೆ ಆಗ್ತಿಲ್ಲ.”

ನಮ್ಮ ಊರು ಜೀನ್ಸ್ ಹೊಲಿಗೆಗೆ ಹೆಸರುವಾಸಿ ಅಂತ ನಿಮಗೂ ಗೊತ್ತಿರಬಹುದು. ನಮ್ಮ ಪಕ್ಕದ ಮನೆಯ ಅಣ್ಣ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ನನ್ನ ಫ್ರಾಕಿಗೆ ಓವರ್‌ಲಾಕ್, ಅಂದರೆ ಒಳಗಿನ ಅಂಚಿನ ನೂಲು ಬಿಚ್ಚದ ಹಾಗೆ ಹಾಕುವ ಹೊಲಿಗೆ, ಹೊಡೆಸಿಕೊಟ್ಟಿದ್ದೂ ಅವರೇ. ತಗೊಂಡು ಹೋಗಿ ತೋರಿಸಿದೆ. ಒಳಗೆ ಹೊರಗೆ ಮಾಡಿ ನೋಡಿ, “ಏನಮ್ಮಾ, ನೀರು ತೋರಿಸದೇನೇ ಕತ್ತರಿ ತೋರಿಸಿಬಿಟ್ಯಾ?” ಅಂದರು.

ಜೀನ್ಸಿನಲ್ಲಿ ಪ್ಯಾಂಟ್ ಹೊಲಿದ ಮೇಲೆ ವಾಶಿಂಗ್‌ಗೆ ಹೋಗುತ್ತದೆ. ಆಗ ಬಟ್ಟೆ ಕುಗ್ಗುತ್ತದೆ. ಅದಕ್ಕೇ ಹೊಸ ಲಾಟ್ ಬಂದಾಗ ಅವರು ಮೊದಲು ಒಂದು ತುಂಡು ಕತ್ತರಿಸಿ, ಅದರ ಮೇಲೆ 50 ಸೆಂಟಿಮೀಟರಿನ ಚೌಕ ಗೆರೆ ಹಾಕಿ, ಒಗೆದು, ಒಣಗಿಸಿ, ಮತ್ತೆ ಅಳೆಯುತ್ತಾರಂತೆ. ಎಷ್ಟು ಕುಗ್ಗಿತೋ ಅಷ್ಟು ಪ್ಯಾಟರ್ನನ್ನೇ ದೊಡ್ಡದು ಮಾಡುತ್ತಾರೆ. ನನ್ನ ಬಳಿ ಉಳಿದಿದ್ದ ಚೂರಿನ ಮೇಲೂ ಅವರೇ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟರು. ಸಂಜೆ ಒಗೆದೆ, ಬೆಳಿಗ್ಗೆ ಅಳೆದೆ. ಉದ್ದಕ್ಕೆ 50 ಇದ್ದದ್ದು 47. ಅಗಲಕ್ಕೆ 49.

ಉದ್ದಕ್ಕೇ ಯಾಕೆ ಜಾಸ್ತಿ? ಹಾಸು ಹೊಕ್ಕು ಅಂತೀವಲ್ಲ, ಉದ್ದದ ನೂಲು ಹಾಸು, ಅಡ್ಡದ ನೂಲು ಹೊಕ್ಕು. ಹಾಸಿನ ನೂಲನ್ನು ಮಗ್ಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಾಕಿ ನೇಯುತ್ತಾರೆ. ಆ ಬಿಗಿತ ಬಟ್ಟೆಯೊಳಗೇ ಕೂತಿರುತ್ತದೆ. ನೀರು ಬಿದ್ದು ಗಂಜಿ ಹೋದ ತಕ್ಷಣ ನೂಲು ಸಡಿಲವಾಗಿ ತನ್ನ ಜಾಗಕ್ಕೆ ವಾಪಸ್ ಹೋಗುತ್ತದೆ. ಹೊಕ್ಕಿನ ನೂಲಿಗೆ ಅಷ್ಟು ಎಳೆತ ಇರುವುದಿಲ್ಲ. ಪ್ಯಾಟರ್ನಿನ ತುಂಡುಗಳನ್ನು ನಾವು ಉದ್ದುದ್ದಕ್ಕೆ, ಹಾಸಿನ ದಿಕ್ಕಿಗೇ ಇಡುತ್ತೇವೆ. ಹಾಗಾಗಿ ಪೆಟ್ಟೆಲ್ಲ ಉದ್ದಕ್ಕೇ.

ನನ್ನ ಲೆಕ್ಕ ನೋಡಿ. ಎದೆ ಸುತ್ತಳತೆ ಫ್ರಾಕಿನಲ್ಲಿ 42 ಇಂಚು ಇತ್ತು, 41 ಚಿಲ್ಲರೆ ಆಯಿತು. ಅದು ಗೊತ್ತೇ ಆಗುವುದಿಲ್ಲ. ಒಟ್ಟು ಉದ್ದ 44 ಇದ್ದದ್ದು ಹತ್ತಿರ ಹತ್ತಿರ 41 ಆಯಿತು. ಅದನ್ನೂ ತಡೆದುಕೊಳ್ಳಬಹುದು. ಭುಜದಿಂದ ಸೊಂಟಕ್ಕೆ 15.5 ಇದ್ದದ್ದು 14.5. ಈ ಒಂದು ಇಂಚು ನನ್ನನ್ನು ಕೊಂದಿತು. ಕಂಕುಳಿನ ಆಳ 8ರಿಂದ 7.5ಕ್ಕೆ ಬಂತು, ಅದಕ್ಕೇ ಕಚ್ಚುತ್ತಿದ್ದದ್ದು. ಒಳಗಿನ ಲೈನಿಂಗ್ ಆಗಲೇ ನೆನೆದು ಕುಗ್ಗಿ ಕೂತಿತ್ತಲ್ಲ, ಅದು 15.5ರಲ್ಲೇ ಇದೆ. ಹೊರಗಿನದು ಮೇಲೆ ಹೋಯಿತು, ಒಳಗಿನದು ಜಾಗ ಬಿಡಲಿಲ್ಲ. ಎರಡೂ ಕತ್ತಿನಲ್ಲೂ ಸೊಂಟದಲ್ಲೂ ಸೇರಿಸಿ ಹೊಲಿದಿದ್ದರಿಂದ ಹೆಚ್ಚಾದ ಲೈನಿಂಗ್ ಮುದ್ದೆಯಾಗಿ ಕತ್ತಿನಿಂದ ಹೊರಬಂತು. ಎರಡನ್ನೂ ನೆನೆಸದೇ ಇದ್ದಿದ್ದರೂ ಇಷ್ಟು ಕೆಟ್ಟದಾಗುತ್ತಿರಲಿಲ್ಲ! ಹೊಲಿದ ದಾರ ಪಾಲಿಯೆಸ್ಟರ್, ಅದೂ ಕುಗ್ಗುವುದಿಲ್ಲ. ಅದಕ್ಕೇ ಪಕ್ಕದ ಹೊಲಿಗೆ ಉದ್ದಕ್ಕೂ ಬಟ್ಟೆ ಸಣ್ಣಗೆ ಸುಕ್ಕು ಬಿದ್ದಿತ್ತು. ಎಷ್ಟು ಇಸ್ತ್ರಿ ಹಾಕಿದರೂ ಹೋಗಲಿಲ್ಲ.

ಅಪ್ಪನ ಶರ್ಟಿನ ಪಾಪ್ಲಿನ್ ಅಂಚಿನ ಮೇಲೆ ‘ಸ್ಯಾನ್‌ಫೊರೈಸ್ಡ್’ ಅಂತ ಮುದ್ರೆ ಇರುತ್ತಿದ್ದದ್ದು ನೆನಪಿದೆಯಾ? ಕಾರ್ಖಾನೆಯಲ್ಲೇ ಬಟ್ಟೆಯನ್ನು ಮೊದಲೇ ಕುಗ್ಗಿಸಿ ಕಳಿಸುವ ವಿಧಾನ ಅದು. ಸ್ಯಾನ್‌ಫರ್ಡ್ ಅನ್ನೋ ಅಮೆರಿಕದವರು ಕಂಡುಹಿಡಿದಿದ್ದು, ಅದಕ್ಕೇ ಆ ಹೆಸರು. ಕೈಮಗ್ಗದ ಬಟ್ಟೆಗೆ ಅದನ್ನೆಲ್ಲ ಯಾರು ಮಾಡುತ್ತಾರೆ? ಅದು ನಮ್ಮ ಬಚ್ಚಲಿನಲ್ಲೇ ಆಗಬೇಕು.

ಆಫೀಸಿನವರ 800 ರೂಪಾಯಿ ವಾಪಸ್ ಕೊಟ್ಟೆ. ಅವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಕಷ್ಟವಾಯಿತು.

ಈಗ ನಿಮ್ಮ ವಿಷಯ. ತಂದಿಟ್ಟಿರುವ ಬಟ್ಟೆಯನ್ನೆಲ್ಲ ಹೊರಗೆ ತೆಗೆಯಿರಿ. ಕತ್ತರಿಸಿದ ಅಂಚಿನ ನೂಲು ಬಿಚ್ಚಿಕೊಳ್ಳದ ಹಾಗೆ ಒಂದು ಕಚ್ಚಾ ಹೊಲಿಗೆ ಹಾಕಿ. ಗಾಢ ಬಣ್ಣದ್ದು ಬೇರೆ, ತಿಳಿ ಬಣ್ಣದ್ದು ಬೇರೆ ಬಕೆಟ್. ರಾತ್ರಿಯಿಡೀ ನೆನೆಯಲಿ. ಆಮೇಲೆ ಮುಂದೆ ಹೇಗೆ ಒಗೆಯುತ್ತೀರೋ ಈಗಲೂ ಹಾಗೇ ಒಗೆಯಿರಿ. ವಾಷಿಂಗ್ ಮೆಷಿನ್‌ಗೆ ಹಾಕುವವರಾದರೆ ಇದನ್ನೂ ಅದಕ್ಕೇ ಹಾಕಿ. ಕೈಮಗ್ಗದ್ದಾದರೆ ಎರಡು ಸಲ. ಹಿಂಡಬೇಡಿ, ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿ. ರೇಯಾನ್ ಇದ್ದರೆ ಅದೂ ಕುಗ್ಗುತ್ತದೆ, ಬಿಡಬೇಡಿ. ಇನ್ನು ಮುಂದೆ ತರುವಾಗ ಕಾಲು ಮೀಟರ್ ಜಾಸ್ತಿ ತನ್ನಿ. ಒಗೆದ ಮೇಲೆ ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಉಳಿಯಿತು ಅಂತ ಮತ್ತೆ ಅಳೆದು, ಆಮೇಲೆ ಪ್ಯಾಟರ್ನ್ ಹಾಸಿ.

ಪ್ಯಾಟರ್ನ್ ಯಾವುದು ಅನ್ನೋದು ಇಷ್ಟೆಲ್ಲ ಆದ ಮೇಲಿನ ಮಾತು. ಫ್ರೀಯದೇ ಸಾಕು. ಎಸ್, ಎಂ, ಎಲ್ ಅಂತ ಮಾತ್ರ ಇರುವುದನ್ನು ಮುಟ್ಟಬೇಡಿ. ಮೈ ಅಳತೆಯ ಪಟ್ಟಿಯೂ, ಹೊಲಿದಾದ ಮೇಲಿನ ಅಳತೆಯ ಪಟ್ಟಿಯೂ ಎರಡೂ ಇರಬೇಕು. ಎದೆಯಲ್ಲಿ ಇವೆರಡರ ನಡುವೆ ನಾಲ್ಕು ಇಂಚು ಅಂತರ ಇದ್ದರೆ ಗಾಳಿ ಆಡುತ್ತದೆ. ತೋಳು ಪ್ರತ್ಯೇಕ ಕೂರಿಸದೆ ಮೇಲ್ಭಾಗದ ಜೊತೆಯೇ ಕತ್ತರಿಸುವಂಥದ್ದು ಮೊದಲಿಗೆ ಒಳ್ಳೆಯದು. ಬಿಸಿಲೂರಿನವರಾದರೆ ಸ್ಲೀವ್‌ಲೆಸ್ ಬೇಡ ಅಂತ ನಾನು ಹೇಳುವುದು. ಭುಜ ಸುಡುತ್ತದೆ. ಸಡಿಲ ತೋಳೇ ತಂಪು.

ಕ್ಲಾಸಿಗೆ ಸೇರಬೇಡಿ. ಕಾಜಾ, ಗುಂಡಿ, ಹೆಮ್ಮಿಂಗ್, ಆಮೇಲೆ ಬ್ಲೌಸ್ ಅಂತ ಅವರ ದಾರಿ ಬೇರೆ. ಅಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಬ್ಲೌಸ್ ಕಲಿಯಬೇಕು ಅಂತಿದ್ದರೆ ಆ ಮಾತು ಬೇರೆ.

ಮೊದಲ ಫ್ರಾಕಿಗೆ ಆ ಹೊಸ ಬಟ್ಟೆಯನ್ನೂ ಮುಟ್ಟಬೇಡಿ. ಅಮ್ಮನದೋ ಅತ್ತೆಯದೋ ಹಳೇ ಕಾಟನ್ ಸೀರೆ ಒಂದು ಕೇಳಿ ತಗೊಳ್ಳಿ. ಐದೂವರೆ ಮೀಟರ್ ಬಟ್ಟೆ, ನೂರು ಸಲ ಒಗೆದದ್ದು, ಕುಗ್ಗುವುದೆಲ್ಲ ಯಾವಾಗಲೋ ಕುಗ್ಗಿ ಮುಗಿದಿದೆ. ಮೆತ್ತಗಿರುತ್ತದೆ. ಕೆಟ್ಟರೂ ಒರೆಸುವ ಬಟ್ಟೆ ಆಗುತ್ತದೆ. ತೆಳು ಬಟ್ಟೆಗೆ 11ನೇ ನಂಬರ್ ಸೂಜಿ ಹಾಕಿ. ಮೆಷಿನ್ ಜೊತೆ ಬಂದ ದಪ್ಪ ಸೂಜಿಯಲ್ಲಿ ಹೊಲಿದರೆ ತೂತು ಕಾಣುತ್ತದೆ. ಅಂಚು ಬರುವ ಕಡೆಯನ್ನು ಫ್ರಾಕಿನ ಕೆಳಗೆ ಇಟ್ಟರೆ ಮಡಚಿ ಹೊಲಿಯುವ ಕೆಲಸವೂ ಉಳಿಯುತ್ತದೆ. ನನ್ನ ನಾಲ್ಕನೇ ಫ್ರಾಕ್ ಅತ್ತೆಯ ಕಂದು ಬಣ್ಣದ ಸೀರೆಯದ್ದು. ಈಗಲೂ ವಾರಕ್ಕೆರಡು ಸಲ ಹಾಕುತ್ತೇನೆ.

ಚೌಕಳಿ ಫ್ರಾಕನ್ನು ಸೊಂಟದ ಹತ್ತಿರ ಬಿಚ್ಚಿ, ಲೈನಿಂಗ್ ಕಿತ್ತು, ಕಂಕುಳಿಗೆ ಒಂದು ಚೂರು ತೇಪೆ ಕೊಟ್ಟು ಗಿಡ್ಡ ಟಾಪ್ ಮಾಡಿಕೊಂಡಿದ್ದೇನೆ. ಕೆಳಗಿನ ಘೇರಿನಿಂದ ಮೂರು ದಿಂಬಿನ ಕವರ್ ಆಯಿತು. ತಂಗಿ ತನ್ನದನ್ನು ಇನ್ನೂ ವಾಪಸ್ ಕೊಟ್ಟಿಲ್ಲ. ಕಂಬಿ ಹಿಡಿಯುವ ಕೆಲಸ ಇಲ್ಲದ ದಿನ ಹಾಕುತ್ತಾಳಂತೆ.